ಕರಡಿಯ ಕಳೆದುಹೋದ ಹೆಸರು

ಮೊನ್ನೆ ಇಲ್ಲಿ ಗಲ್ಫಿನಲ್ಲಿ, ವೆಸ್ಟ್ ಬೇಯ ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ಯಾರೋ ಜೇನಿನ ಬಾಟಲಿ ಮುಚ್ಚದೆ ಬಿಟ್ಟಿದ್ದರು. ಆ ವಾಸನೆಗೆ ಇರೀನಾಳ ನೆನಪಾಯಿತು. ನಮ್ಮ ಜೊತೆ ಕೆಲಸಕ್ಕಿದ್ದ ಅವಳು ರಷ್ಯಕ್ಕೆ ವಾಪಸು ಹೋಗಿ ಎರಡು ವರ್ಷವಾಯಿತು ಮಾರಾಯ್ರೆ, ಅವಳು ಹೇಳಿದ ಮಾತು ಮಾತ್ರ ಹೋಗಿಲ್ಲ.

ಅವರ ಭಾಷೆಯಲ್ಲಿ ಕರಡಿಗೆ ‘ಮೆದ್ವೇದ್’. ಅದು ಹೆಸರೇ ಅಲ್ಲವಂತೆ. ‘ಜೇನು ತಿನ್ನುವವನು’ ಎಂದಷ್ಟೇ ಅರ್ಥ. ಅವರ ‘ಮ್ಯೋದ್’ ನಮ್ಮ ಮಧುವಿನ ನೆಂಟ. ನಿಜವಾದ ಹೆಸರು ಹಿಡಿದರೆ ಕಾಡಿನಿಂದ ಎದ್ದು ಬಂದುಬಿಡುತ್ತದೆ ಎಂದು ಹಿಂದಿನವರು ಹೆದರಿ ಅದನ್ನು ಬಾಯಿಗೆ ತರಲಿಲ್ಲ. ಬರಬರುತ್ತಾ ಹೆಸರೇ ಮರೆತುಹೋಯಿತು.

ನನಗೆ ಸುಮ್ಮನಿರಲು ಬಂದರೆ ತಾನೇ! ಕಾಲೇಜಿನ ಚೂರುಪಾರು ಸಂಸ್ಕೃತದ ಹುರುಪಿನಲ್ಲಿ, “ಆ ಹಳೇ ಹೆಸರಿನ ಬಳಗದ ಶಬ್ದ ನಮ್ಮಲ್ಲಿ ಇನ್ನೂ ಉಂಟು. ಕರಡಿಗೆ ಋಕ್ಷ” ಎಂದೆ.

ಇರೀನಾ ನಗಲಿಲ್ಲ. ಬಾಗಿಲ ಕಡೆ ತಿರುಗಿ ನೋಡಿ, “ಇನ್ನೊಮ್ಮೆ ಹೇಳಬೇಡ” ಎಂದಳು. ಈ ಮರಳುಗಾಡಿನಲ್ಲಿ ಇಪ್ಪತ್ತನೇ ಮಹಡಿಗೆ ಕರಡಿ ಲಿಫ್ಟು ಹತ್ತಿ ಬರುತ್ತದೆಯೇ ಎಂದು ನಾನೇ ನಕ್ಕೆ.

ಹಾಗೆ ನಗುವ ಯೋಗ್ಯತೆ ನನಗೆಲ್ಲಿತ್ತು? ಮುಸ್ಸಂಜೆಯ ಮೇಲೆ ಹಾವನ್ನು ‘ಬಳ್ಳಿ’ ಎನ್ನುವ ಮನೆಯವನು ನಾನು. ಅಲ್ಲಿ ಹೇಳಬಾರದ ಹೆಸರು ಇನ್ನೊಂದಿತ್ತು. ನಾನು ಹುಟ್ಟುವ ಮೊದಲೇ, ಎರಡು ವರ್ಷದವಳಾಗಿದ್ದಾಗ ತೀರಿಕೊಂಡ ಅಕ್ಕನದು. ‘ಹೋದವಳು’ ಎನ್ನುತ್ತಿದ್ದರು, ಅಷ್ಟೇ. ಅಪ್ಪನೂ ತೀರಿದ ಮೇಲೆ ಆ ಹೆಸರು ಗೊತ್ತಿದ್ದದ್ದು ಅಮ್ಮನೊಬ್ಬಳಿಗೇ.

ಈ ವರ್ಷ ತಮ್ಮನ ಮಗಳಿಗೆ ಬಂದ ಸಂಬಂಧ ಮೂರು ಸಲ ತಪ್ಪಿತು. ಜೋಯಿಸರು ಹೋದವಳಿಗೆ ‘ಕುಲೆ ಮದುವೆ’ ಮಾಡಿಸಿ ಎಂದರು. ನಮ್ಮ ತುಳುನಾಡಿನಲ್ಲಿ ಸತ್ತ ಮಕ್ಕಳಿಗೂ ಪ್ರಾಯ ತುಂಬುತ್ತದೆ; ಅವರಿಗೂ ಮದುವೆ ಮಾಡಬೇಕಾಗುತ್ತದೆ, ಇಲ್ಲದಿದ್ದರೆ ಮನೆಯ ಉಳಿದವರ ಮದುವೆಗೆ ಅಡ್ಡಿ. ಇನ್ನೊಂದು ಮನೆಯಲ್ಲಿ ಸತ್ತ ವರನೂ ಸಿಕ್ಕಿದ. ವಧುವನ್ನು ಹೆಸರು ಹಿಡಿದು ಕರೆಯಬೇಕಿತ್ತು. ಅಮ್ಮ ಬಾಯಿ ಬಿಡಲಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಇಲ್ಲಿ ಅಲ್ ವುಕೈರ್‌ನ ನನ್ನ ಫ್ಲ್ಯಾಟಿನಿಂದ ಊರಿಗೆ ಫೋನು ಮಾಡಿದೆ.

“ಅಮ್ಮಾ, ಒಮ್ಮೆ ಹೇಳಿಬಿಡು. ಹುಡುಗಿಗೆ ಮದುವೆ ಆಗ್ಬೇಕಲ್ಲ?”

“ಮದುವೆ ಮಾಡಿದ್ರೆ ಇವಳು ಗಂಡನ ಮನೆಗೆ ಹೋಗ್ತಾಳೆ ಮಗಾ. ಇನ್ನೊಂದು ಸಲ ಕಳಿಸ್ಲಿಕ್ಕೆ ನನ್ನಿಂದ ಆಗುದಿಲ್ಲ.”

ಅಮ್ಮ ಫೋನು ಕೆಳಗಿಟ್ಟಳು, ಕಟ್ ಮಾಡಲು ಮರೆತಳು. ತಮ್ಮನ ಮನೆಯವರೆಲ್ಲ ಹೊರಗೆ ಹೋಗಿದ್ದ ಹೊತ್ತು ಅದು. ಮೆಲ್ಲಗೆ ಒಂದು ಹೆಸರು ಕರೆದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ, “ಬಾ, ಕೂತ್ಕೋ. ಊಟ ಆಯ್ತಾ ನಿಂದು?” ಉತ್ತರಕ್ಕೆ ಕಾಯುವಷ್ಟು ಹೊತ್ತು ಮೌನ. ಮತ್ತೆ ಅಮ್ಮ ನಕ್ಕಳು. ಅಷ್ಟು ಖುಷಿಯಾಗಿ ಅವಳು ನಕ್ಕದ್ದನ್ನು ನಾನು ಕೇಳಿಯೇ ಇರಲಿಲ್ಲ.

ಸಂಜೆ ತಮ್ಮ ಫೋನು ಮಾಡಿ ಕೇಳಿದ, “ಹೆಸರು ಸಿಕ್ಕಿತಾ?”

“ಇಲ್ಲ ಮಾರಾಯ” ಎಂದೆ. ಒಂದು ಮಾತು ಹೇಳಿದ್ದರೆ ಆ ಹುಡುಗಿಯ ದಾರಿ ತೆರೆಯುತ್ತಿತ್ತೋ ಏನೋ. ಪಾಪ ತಟ್ಟುವುದಾದರೆ ನನಗೇ ತಟ್ಟಲಿ.

ಮೊನ್ನೆ ಪ್ಯಾಂಟ್ರಿಯಲ್ಲಿ ಒಬ್ಬನೇ ನಿಂತು ಇದನ್ನೆಲ್ಲ ಯೋಚಿಸುತ್ತಿದ್ದಾಗ, ಅರಿವಿಲ್ಲದೆ ಆ ಹೆಸರು ಬಾಯಿಂದ ಬಂದುಬಿಟ್ಟಿತು. ಬೆನ್ನ ಹಿಂದೆ, ನನ್ನ ಸೊಂಟದೆತ್ತರಕ್ಕೂ ಬಾರದ ಯಾರೋ ಬಂದು ನಿಂತ ಹಾಗಾಯಿತು. ನಾನು ತಿರುಗಲಿಲ್ಲ.

“ಅಮ್ಮನ ಹತ್ರ ಹೋಗು ಅಕ್ಕಾ” ಎಂದೆ, “ಅವಳು ಒಬ್ಬಳೇ ಇದ್ದಾಳೆ.”