ಬಾಯಿಗೆ ಹಾಕದ ಒಣದ್ರಾಕ್ಷಿ

ಸಗರದ ಸೂಗಪ್ಪನ ಮರಿಮೊಮ್ಮಗಳು ನಾಗರತ್ನಾ. ನಿಜಾಮನ ಕಾಲದಲ್ಲಿ ಸರಕಾರದ ಪಾಲೆಂದು ಲೆವಿ ಜೋಳ ಒಯ್ಯಲು ಬಂದವರ ಮುಂದೆ, ನೆಲದೊಳಗೆ ಕಾಳು ತುಂಬಿಡುವ ಹಗೇವಿನ ಬಾಯಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಹೊತ್ತು ಮುಳುಗುವತನಕ ಏಳದೆ ಅವರನ್ನು ಬರಿಗೈಯಲ್ಲಿ ಅಟ್ಟಿದವನು ಆ ಸೂಗಪ್ಪ. ಅವನ ಮಗ ವಿಶ್ವರಾಧ್ಯ ಗುಡ್ಡದಿಂದ ಕಲ್ಲು ಹೇರಿಕೊಂಡು ಬಂದು ಊರ ಬಾವಿಗೆ ಮೆಟ್ಟಿಲು ಕಟ್ಟಿದವನು. ಕಟ್ಟುವಾಗ ಅರ್ಧ ಊರಿನ ಜೊತೆ ಜಗಳಾಡಿದ್ದ. ಜಗಳಾಡಿದವರ ಮನೆಯ ಹೆಂಗಸರೇ ಮೊದಲು ಕೊಡ ತುಂಬಿದರು. ವಿಶ್ವರಾಧ್ಯನ ಹೆಂಡತಿ ಬಸ್ಸಮ್ಮ, ಕಾಲರಾ ಬಂದು ಊರೆಲ್ಲ ಬಾಗಿಲು ಹಾಕಿಕೊಂಡ ವರ್ಷ ಗಂಜಿಯ ಗಡಿಗೆ ಹೊತ್ತು ಮನೆಮನೆ ತಿರುಗಿದಳು. ಕುಡಿಯಲೊಲ್ಲೆ ಎಂದವರಿಗೆ ಬೈದು ಕುಡಿಸಿದಳು. ಆ ಮನೆತನದ ಸಿಟ್ಟಿಗೆ ಊರಲ್ಲಿ ಮರ್ಯಾದೆ ಇತ್ತು.

ನಾಗರತ್ನಾ ಸೈದಾಪುರಕ್ಕೆ ಸೊಸೆಯಾಗಿ ಬಂದಳು. ಗಂಡ ತೀರಿಕೊಂಡ ಮೇಲೆ ಕಡೇಚೂರಿನ ಔಷಧಿ ಕಾರ್ಖಾನೆಯೊಂದರಲ್ಲಿ ಬಾಟಲಿ ತೊಳೆಯುವ ಕೆಲಸ ಹಿಡಿದಳು. ಕತ್ತಲಿರುವಾಗಲೇ ಎದ್ದು ರೊಟ್ಟಿ ಬಡಿಯಬೇಕು, ಅತ್ತೆಗೆ ನೀರು ಕಾಸಬೇಕು, ಕಂಪನಿ ಬಸ್ಸು ಹಾರ್ನ್ ಹೊಡೆದರೆ ಸೆರಗು ಸಿಕ್ಕಿಸಿಕೊಂಡು ಓಡಬೇಕು. ಸಂಜೆ ಇಳಿದರೆ ಮತ್ತೆ ಒಲೆ. ಇಡೀ ದಿನದಲ್ಲಿ ತನ್ನದು ಅನ್ನುವಂಥ ಹೊತ್ತು ಅವಳಿಗೆ ಒಂದೇ ಇತ್ತು. ಮಧ್ಯಾಹ್ನ ಊಟದ ಬಿಡುವಿನಲ್ಲಿ, ನೀರಿನ ಟಾಕಿಯ ನೆರಳಿನಲ್ಲಿ, ಒಂದು ಗೋಣಿತಟ್ಟಿನ ಮೇಲೆ.

ಅಲ್ಲಿ ಕೂತು ಹಣೆಗೆ ವಿಭೂತಿ ಹಚ್ಚಿ, ಕೊರಳಿನ ಲಿಂಗವನ್ನು ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತ ಕೂಡುವಳು. ಉಸಿರು ತಾನಾಗಿ ತಗ್ಗುತ್ತಿತ್ತು, ಕಿವಿಯೊಳಗಿನ ಬಾಟಲಿಗಳ ಸದ್ದು ಇಳಿಯುತ್ತಿತ್ತು. ಅದಾಗದೆ ಬಾಯಿಗೆ ಒಂದು ಹನಿ ಚಹಾ ಕೂಡ ಇಲ್ಲ. ಮುಂಜಾನೆ ಯಾಕೆ ಮಾಡುವುದಿಲ್ಲ ಎಂದು ಕೇಳಿದರೆ, "ಹಾರ್ನಿನ ಕಡೆ ಕಿವಿ ಇಟ್ಕೊಂಡು ಲಿಂಗದ ಕಡೆ ಕಣ್ಣು ಇಡೂದು ನನ್ನ ಕೈಲಿ ಆಗೂದಿಲ್ಲ" ಎನ್ನುವಳು.

ಅವಳು ಕೂತಾಗ ಜೊತೆಗಾತಿ ರಾಬಿಯಾ ಕಾವಲು ನಿಲ್ಲುವಳು. ನಾಯಿ ಬಂದರೆ ಓಡಿಸುವುದು, ಯಾರಾದರೂ ಕೂಗಿದರೆ ತಡೆಯುವುದು. ಆಮೇಲೆ ಅದೇ ತಟ್ಟಿನ ಮೇಲೆ ಚಾದರ ಹಾಸಿ ರಾಬಿಯಾ ನಮಾಜಿಗೆ ನಿಲ್ಲುವಳು, ನಾಗರತ್ನಾ ಕಾವಲು. ಉಳಿದ ಹೊತ್ತಿನಲ್ಲಿ ಇಬ್ಬರೂ ಡಬ್ಬಿ ಬಿಚ್ಚಿ ಗಬಗಬ ಉಣ್ಣುವರು. ಇದು ವರ್ಷಗಟ್ಟಲೆ ನಡೆದುಬಂದಿತ್ತು.

ಒಂದು ಸೋಮವಾರ ಸೂಪರ್‌ವೈಜರ್ ಚೇತನಕುಮಾರ ಎಲ್ಲರನ್ನೂ ಕ್ಯಾಂಟೀನಿಗೆ ಕರೆಸಿದ. ಸುರಪುರದ ಹುಡುಗ, ಕೆಟ್ಟವನಲ್ಲ, ಮೇಲಿನವರು ಹೇಳಿದ್ದನ್ನು ಓಡೋಡಿ ಮಾಡುವವನು.

"ಈ ವಾರ ಪೂರಾ ಊಟದ ಹೊತ್ತಿನಾಗ ಮೈಂಡ್‌ಫುಲ್‌ನೆಸ್ ಕ್ಲಾಸ್ ಅದರಿ. ನಿಮ್ಮ ತಲಿಭಾರ ಇಳಿಸಾಕ ಕಂಪನಿ ಮಾಡ್ಯಾದ. ಎಲ್ಲರೂ ಬರಬೇಕು."

"ಊಟದ ಹೊತ್ತಿನಾಗ ಯಾಕ್ರಿ? ಕೆಲಸದ ಹೊತ್ತಿನಾಗ ಇಳಸ್ರಿ ಭಾರ" ಅಂದಳು ನಾಗರತ್ನಾ.

"ಉಣ್ಣಕೋತ ನೋಡ್ರೆಲಾ ಅಕ್ಕಾ."

ಬಾಗಿಲು ಹಾಕಿದರು. ಎಲ್ಲರ ಕೈಗೂ ಒಂದೊಂದು ಒಣದ್ರಾಕ್ಷಿ ಬಂತು. ಟೀವಿಯಲ್ಲಿ ಒಬ್ಬ ಹೆಣ್ಣುಮಗಳು ಜೇನಿನಂಥ ದನಿಯಲ್ಲಿ ಹೇಳಿದಳು: ಅಂಗೈಯಲ್ಲಿಟ್ಟು ನೋಡಿ, ನಾಲಿಗೆಯ ಮೇಲಿಡಿ, ಅಗಿಯಬೇಡಿ, ಉಸಿರನ್ನು ಗಮನಿಸಿ.

"ನಾಗರತ್ನಕ್ಕಾ, ಬಾಯಾಗ ಹಾಕ್ಕೊಳ್ರಿ, ಮ್ಯಾಲಿನವರಿಗೆ ಫೋಟೋ ಕಳಸಬೇಕು ನಾನು."

"ನಾ ಇನ್ನಾ ಕೂತಿಲ್ಲ. ಹಾಕ್ಕೊಳ್ಳಂಗಿಲ್ಲ."

"ಕುರ್ಚಿ ಮ್ಯಾಲ ಕೂತೀರೆಲ್ಲ ಮತ್ತ!"

ಎಲ್ಲರೂ ನಕ್ಕರು. ನಾಗರತ್ನಾ ದ್ರಾಕ್ಷಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಳು, ಬೆವರಿಗೆ ಅದು ಅಂಟಂಟಾಯಿತು. ಆ ಗದ್ದಲದಲ್ಲಿ, ಫೋಟೋ ಹೊಡೆಯುವವನ ಮುಂದೆ ಕೊರಳ ಲಿಂಗದ ಗಂಟು ಬಿಚ್ಚಲು ಅವಳಿಗೆ ಮನಸ್ಸಾಗಲಿಲ್ಲ. ಗಂಟೆ ಹೊಡೆಯಿತು. ಡಬ್ಬಿ ಬಿಚ್ಚದೆ ಹಾಗೆಯೇ ಕೆಲಸಕ್ಕೆ ಹೋದಳು. ರಾತ್ರಿ ಅತ್ತೆ ಮಲಗಿದ ಮೇಲೆ ಅವಸರದಲ್ಲಿ ಕೂತೆದ್ದು ಒಂದಿಷ್ಟು ಉಂಡಳು. ಮರುದಿನವೂ ಅದೇ ಆಯಿತು. ತನ್ನ ಹೊತ್ತನ್ನು ಕಿತ್ತುಕೊಂಡು, ಅದನ್ನೇ ತನಗೆ ಕಲಿಸುತ್ತಾರಲ್ಲ ಎಂದು ಹೊಟ್ಟೆಯ ಹಸಿವಿಗಿಂತ ಎದೆಯ ಉರಿ ಜೋರಾಗಿತ್ತು.

ಬುಧವಾರ ಮಧ್ಯಾಹ್ನದ ಮೇಲೆ ಕಣ್ಣಿಗೆ ಕತ್ತಲೆ ಬಂತು. ಕೈಯಲ್ಲಿದ್ದ ಬಾಟಲಿಗಳ ಟ್ರೇ ಜಾರಿ ಬಿತ್ತು. ಪಕ್ಕದಲ್ಲಿದ್ದ ರಾಬಿಯಾಳ ಕಾಲಿಗೆ ಗಾಜು ಹೊಕ್ಕಿತು. ರಕ್ತ ಕಂಡದ್ದೇ ನಾಗರತ್ನಾಳ ಸಿಟ್ಟು ಒಮ್ಮೆಗೇ ತನ್ನ ಮೇಲೆಯೇ ತಿರುಗಿತು. ಕಂಪನಿಯ ದವಾಖಾನೆಯಲ್ಲಿ ಗಾಜು ತೆಗೆಸಿ ಪಟ್ಟಿ ಕಟ್ಟಿಸುವಾಗ ಹಲ್ಲು ಕಚ್ಚಿ ನಿಂತಳು.

"ಎರಡು ತುತ್ತು ತಿಂದಿದ್ರ ಏನಾಗ್ತಿತ್ತ ನಾಗಕ್ಕಾ?" ರಾಬಿಯಾ ನೋವಿನಲ್ಲೇ ಗದರಿದಳು. "ದೇವರು ಬ್ಯಾಡ ಅಂದಿದ್ನೇನು?"

"ದೇವರು ಯಾಕ ಅಂತಾನ? ನಾನ ಅಂದಿದ್ದೆ. ಮನ್ಯಾಗ ಅತ್ತಿ ಮಾತು, ಇಲ್ಲಿ ಗಂಟಿ ಮಾತು. ಅದೊಂದರಾಗ ನನ್ನ ಮಾತು ನಡೀತಿತ್ತು."

"ನಿನ್ನ ಮಾತು ನಡೀತು, ನನ್ನ ಕಾಲು ನಡೀವಲ್ದು ನೋಡೀಗ" ಅಂದಳು ರಾಬಿಯಾ. ನಾಗರತ್ನಾಳಿಗೆ ನಗು ಬರಲಿಲ್ಲ.

ಮರುದಿನ ಊಟದ ಗಂಟೆ ಹೊಡೆದಾಗ ನಾಗರತ್ನಾ ಕ್ಯಾಂಟೀನಿನ ಕಡೆ ತಿರುಗಿ ಕೂಡ ನೋಡಲಿಲ್ಲ. ರಾಬಿಯಾಳ ತೋಳು ಹಿಡಿದು ಟಾಕಿಯ ಕಡೆ ನಡೆದಳು. ಚೇತನಕುಮಾರ ಹಿಂದೆಯೇ ಬಂದ. ಅಷ್ಟರಲ್ಲಿ ಲಿಂಗ ಅಂಗೈಗೆ ಬಂದಾಗಿತ್ತು.

"ಸರ, ಅಕ್ಕ ಕೂತಾಳ. ನಿಲ್ರಿ" ಎಂದು ರಾಬಿಯಾ ಕುಂಟುತ್ತಲೇ ಅಡ್ಡ ಬಂದಳು.

ಅವನು ಬಿಸಿಲಲ್ಲೇ ನಿಂತ. ಲಿಂಗವನ್ನು ಮತ್ತೆ ಕೊರಳಿಗೆ ಕಟ್ಟಿಕೊಂಡು ನಾಗರತ್ನಾ ತಲೆ ಎತ್ತಿದಾಗ ಅವನ ದನಿ ಮೆತ್ತಗಾಗಿತ್ತು.

"ಅಕ್ಕಾ, ನಿಮಗ ಭಾಳ ಟೆನ್ಷನ್ ಆಗ್ಯಾದ, ಅದಕ್ಕ ನಿನ್ನಿ ಹಂಗಾತು. ನಾ ಸಾಹೇಬರ ಜೋಡಿ ಮಾತಾಡೀನಿ. ಆಫೀಸಿನ ಬಾಜೂಕ ಎಸಿ ಖೋಲಿ ಖಾಲಿ ಅದ. ನಿಮ್ಮೊಬ್ಬರಿಗೇ ಕೊಡಸ್ತೀನಿ, ಆರಾಮ ಪೂಜಿ ಮಾಡ್ರಿ. ಕೂತು ಮಾಡೂ ಕೆಲಸಕ್ಕೂ ಹಾಕ್ತೀನಿ. ಒಂದು ಫೋಟೋ ಅಷ್ಟ ಕೊಡ್ರಿ. ಉಳಿದವರು ಕ್ಲಾಸಿಗೆ ಬರಲಿ."

ಕೂತು ಮಾಡುವ ಕೆಲಸ ಎಂದಾಗ ಸೊಂಟ ಒಂದು ಗಳಿಗೆ ಹೂಂ ಅಂದಿತು. ಆದರೆ ಪಟ್ಟಿ ಕಟ್ಟಿದ ಕಾಲು ಕಣ್ಣ ಮುಂದೆಯೇ ಇತ್ತು. ಅವಳು ಎದ್ದು ಗೋಣಿತಟ್ಟನ್ನು ಕೊಡವಿ, ರಾಬಿಯಾಳ ಚಾದರ ಹಾಸಿದಳು.

"ಬ್ಯಾಡ್ರಿ ಸರ. ನಿಮ್ಮ ಖೋಲಿ ಬ್ಯಾಡ, ಕುರ್ಚಿ ಬ್ಯಾಡ, ದ್ರಾಕ್ಷಿನೂ ಬ್ಯಾಡ. ನಾ ನಿಮ್ಮ ಕಡೆ ಏನರ ಬೇಡಿದ್ನೇನು? ಊಟದ ಹೊತ್ತು ನಮ್ಮದು, ಇಲ್ಲಿ ದುಡಿಯೂ ಅಷ್ಟೂ ಮಂದೀದು. ಅದರಾಗ ಯಾವಾಕಿ ಕೂತರ ಏನು, ಮಲಗಿದ್ರ ಏನು, ಜಗಳಾಡಿದ್ರ ಏನು, ನೀವು ಕಲಸೂದು ಬ್ಯಾಡ. ನನ್ನೊಬ್ಬಾಕಿಗೆ ಉಪಕಾರ ಮಾಡಿ ಇವರ ಹೊತ್ತು ಒಯ್ಯಬ್ಯಾಡ್ರಿ, ಆ ಉಪಕಾರ ನನಗ ಅರಗೂದಿಲ್ಲ. ಈಗ ರಾಬಿಯಾ ನಮಾಜಿಗೆ ಕೂಡತಾಳ, ಕಾವಲು ನಂದು. ನೀವು ನಡೀರಿ."