ಕನಕಮ್ಮ ವೈರು ಕಿತ್ತಳು

ಶಾಹೀಸ್ತಾ ಸಿಟ್ಟು ಬಂದರೆ ಬೈಯುವವಳಲ್ಲ, ಕನ್ನಡಕ ಒರೆಸುತ್ತಾಳೆ. ಆ ಶುಕ್ರವಾರ ಎಷ್ಟು ಸಲ ಒರೆಸಿದಳೋ ಗೊತ್ತಿಲ್ಲ.

ಸಿಂಧನೂರಿನ ಒಂದು ಸಹಕಾರಿ ಸಂಘದ ಮುಖ್ಯ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಅವಳದು. ನಾಲ್ಕು ವರ್ಷವಾದರೂ ಹಂಗಾಮಿ. ಸಂಘಕ್ಕೆ ಲಿಂಗಸೂಗೂರು, ಮಸ್ಕಿ, ಮುಕ್ಕುಂದ, ತುರ್ವಿಹಾಳದಲ್ಲಿ ಶಾಖೆಗಳಿವೆ. ಮುಖ್ಯ ಕಚೇರಿಯೂ ಸೇರಿ ಒಟ್ಟು ನಲವತ್ಮೂರು ಕಂಪ್ಯೂಟರು. ಅಷ್ಟಕ್ಕೂ ಹೊಸ ರಕ್ಷಣಾ ಸಾಫ್ಟ್‌ವೇರನ್ನು ಅವಳು ಕೂತಲ್ಲಿಂದಲೇ ಹಾಕಬೇಕಿತ್ತು. ಹಾಕಿ ಮುಗಿದದ್ದು ಪರದೆಯ ಪಟ್ಟಿಯಲ್ಲಿ ಹಸಿರು, ಉಳಿದದ್ದು ಕೆಂಪು.

"ಶುಕ್ರವಾರ ಐದಕ್ಕ ಎಲ್ಲಾ ಹಸಿರಾಗಿರಬೇಕು ನೋಡವಾ. ಆದ್ರ ಕಾಯಂ ಆರ್ಡರಿಗೆ ಸಹಿ ಹಾಕ್ತೀನಿ. ಇಲ್ಲಂದ್ರ ಮುಂದಿನ ವರ್ಷ ನೋಡೋಣು" ಅಂದಿದ್ದರು ವ್ಯವಸ್ಥಾಪಕ ಜಂಬಣ್ಣ. ಅವರ 'ನೋಡೋಣು' ಎಂಥದ್ದೆಂದು ಅವಳಿಗೆ ಚೆನ್ನಾಗಿ ಗೊತ್ತು.

ಕೆಲಸವೇನೂ ಕಷ್ಟದ್ದಲ್ಲ. ಇವಳು ಇಲ್ಲಿಂದ ಕಳಿಸಿದರೆ ಅಲ್ಲಿ ಪರದೆಯ ಮೇಲೆ ಚೌಕವೊಂದು ಮೂಡುತ್ತದೆ: ಹೊರಗಿನವರು ಒಳಗೆ ಬರುತ್ತಿದ್ದಾರೆ, ಬಿಡಬೇಕೇ? ಅಲ್ಲಿ ಕೂತವರು 'ಹೌದು' ಒತ್ತಬೇಕು, ಅಷ್ಟೇ. ಲಿಂಗಸೂಗೂರು ಒಂದು ತಾಸಿನಲ್ಲಿ ಹಸಿರಾಯಿತು. ಮಸ್ಕಿಯಂತೂ ಚಹಾ ಆರುವುದರೊಳಗೆ. ಎರಡು ಗಂಟೆಗೆ ನಲವತ್ತೆರಡು ಹಸಿರು, ತುರ್ವಿಹಾಳದ್ದೊಂದು ಕೆಂಪು. ಕಳಿಸಿದಾಗಲೆಲ್ಲ ಆ ಕಂಪ್ಯೂಟರು ಗಪ್ಪನೆ ಆರಿಹೋಗುತ್ತಿತ್ತು.

ಅಲ್ಲಿರುವ ಒಬ್ಬಳೇ ಗುಮಾಸ್ತೆ ಕನಕಮ್ಮನಿಗೆ ಫೋನ್ ಹಚ್ಚಿದಳು.

"ಅಕ್ಕಾ, ನಾ ಶಾಹೀಸ್ತಾ. ಹೌದು ಅಂತ ಒತ್ರಿ."

"ಯಾವ ಶಾಹೀಸ್ತಾ?"

"ಸಿಂಧನೂರಾಗಿನಾಕಿ. ದನಿ ಗುರ್ತು ಸಿಗವಲ್ದೇನು?"

"ದನಿ ಸಿಗತೈತಿ. ಆದ್ರ ಶಾಹೀಸ್ತಾನ ಹೇಳ್ಯಾಳ, ಇಂಥಾ ಚೌಕ ಬಂದ್ರ ವೈರು ಕಿತ್ತಬಿಡ್ರಿ, ಫೋನಿನಾಗ ನಾನ ಮಾತಾಡಿದ್ರೂ ನಂಬಬ್ಯಾಡ್ರಿ, ಮಾರಿ ನೋಡಿ ನಂಬ್ರಿ ಅಂತ. ಕಿತ್ತೀನಿ."

ಮಾತು ನಿಜ. ಹಿಂದಿನ ತಿಂಗಳು ಎಲ್ಲ ಶಾಖೆಯವರನ್ನೂ ಕರೆಸಿ, ಮಂಡಕ್ಕಿ ಮಿರ್ಚಿ ಕೊಟ್ಟು, ಇದನ್ನೇ ಹೇಳಿದ್ದಳು. ಎಲ್ಲರೂ ಕೋಲೆ ಬಸವನಂತೆ ತಲೆಯಾಡಿಸಿದ್ದರು. ಈಗ ತಾನು ತೋಡಿದ ಗುಂಡಿಗೆ ತಾನೇ ಬಿದ್ದಿದ್ದಳು. ಕನಕಮ್ಮನದು ಗುಂಡಿಯೊತ್ತುವ ಹಳೇ ಫೋನು, ಅದರಲ್ಲಿ ಮುಖ ತೋರಿಸುವ ಹಾಗೂ ಇಲ್ಲ.

ಪಟ್ಟಿಯಿಂದ ತುರ್ವಿಹಾಳವನ್ನೇ ಅಳಿಸಿದರೆ ಜಂಬಣ್ಣನಿಗೆ ಎಲ್ಲ ಹಸಿರಾಗಿಯೇ ಕಾಣುತ್ತಿತ್ತು. ಬೆರಳು ಅಲ್ಲಿಯವರೆಗೂ ಹೋಗಿತ್ತು. ಒಂದು ಸಲ ಕನ್ನಡಕ ಒರೆಸಿ, ಎದ್ದು ಬಸ್ ಸ್ಟ್ಯಾಂಡಿಗೆ ನಡೆದಳು.

ಭತ್ತದ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ತುರ್ವಿಹಾಳ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷ. ಕನಕಮ್ಮ ಅವಳ ಮಾರಿಯನ್ನು ಒಮ್ಮೆ ದಿಟ್ಟಿಸಿ ನೋಡಿ, ವೈರು ಚುಚ್ಚಿ, "ಬಿಸಿಲಾಗ ಬಂದೀ, ನೀರು ಕುಡಿ" ಅಂದಳು. ಶಾಹೀಸ್ತಾ ಅಲ್ಲೇ ಕೂತು ಹಾಕಿ, ಹಸಿರಾಗುವಷ್ಟರಲ್ಲಿ ಐದೂವರೆ.

"ಐದು ದಾಟಿತಲ್ಲವಾ. ನೋಡೋಣು" ಅಂದರು ಜಂಬಣ್ಣ ಫೋನಿನಲ್ಲಿ.

ತಿರುಗಿ ಬರುವ ಬಸ್ಸಿನಲ್ಲಿ ಅವಳಿಗೆ ಅಳು ಬಂತು. ಕನಕಮ್ಮನ ಮೇಲೆ ಸಿಟ್ಟಾಗೋಣವೆಂದರೆ ಆಕೆಯ ತಪ್ಪೇನೂ ಇಲ್ಲ. ಆಮೇಲೆ ಹೊಳೆಯಿತು: ಉಳಿದ ನಲವತ್ತೆರಡು ಮಂದಿಗೆ ತಾನು ಫೋನೇ ಮಾಡಿರಲಿಲ್ಲ. ಅವರು ಯಾರ ಮಾರಿ ನೋಡಿ ಒತ್ತಿದರು?

ಸೋಮವಾರ, ತನ್ನ ನಂಬರು ಗುರುತು ಸಿಗಬಾರದೆಂದು ತಾಯಿ ಸಕೀನಾಬೀಯ ಫೋನು ತಂದು ಜಂಬಣ್ಣನ ಮುಂದೆ ಕೂತಳು. ಸ್ಪೀಕರ್ ಹಾಕಿ ಮಸ್ಕಿಯ ಗುಮಾಸ್ತ ಬಸ್ಸಪ್ಪನಿಗೆ ಹಚ್ಚಿ, ಹೆಸರು ಹೇಳದೆ, ದನಿ ಬದಲಿಸಿ, "ಕಂಪ್ಯೂಟರಿನ್ಯಾಗ ಚೌಕ ಬರತೈತ್ರಿ, ಹೌದು ಒತ್ರಿ" ಅಂದಳು.

"ಬಂದ ಕೂಡ್ಲೆ ಒತ್ತತೀನ್ರೀ. ಮತ್ತೇನರ ಒತ್ತೋದೈತೇನ್ರೀ?"

ಜಂಬಣ್ಣ ನಕ್ಕರು. "ಎಂಥಾ ಮಂಗ್ಯಾ ಅದಾನವಾ ಇವ."

"ಶುಕ್ರವಾರ ನಿಮ್ಮ ಕಂಪ್ಯೂಟರಿನ್ಯಾಗೂ ಚೌಕ ಬಂದಿತ್ತಲ್ರೀ ಸಾಹೇಬ್ರ" ಅಂದಳು ಶಾಹೀಸ್ತಾ. "ಯಾರಂತ ಕೇಳಿದ್ರೇನು?"

ಕೇಳಿರಲಿಲ್ಲ. ಜಂಬಣ್ಣ ಡ್ರಾಯರಿನಿಂದ ಅವಳ ಕಾಯಂ ಆರ್ಡರು ತೆಗೆದು, ಪೆನ್ನು ಹುಡುಕತೊಡಗಿದರು.