ಎರಡು ಕೋಣೆಗೆ ಒಬ್ಬರೇ ಅಕ್ಕೋರು

ಮೊರಬದ ಬಸ್ಸು ನಾನು ಕಲಿಸುವ ಶಾಲೆಯ ಮುಂದೆಯೇ ತಿರುಗುತ್ತದೆ. ಬಸ್ಸಿಳಿದು, ಮಳೆಗಾಲವಾದರೆ ಚಪ್ಪಲಿಗೆ ಮೆತ್ತಿದ ಎರೆಮಣ್ಣನ್ನು ಮೆಟ್ಟಿಲಿಗೆ ಒರೆಸಿ, ಆ ವರ್ಷ ನಾನು ನೇರ ಹೋಗಿ ನಿಲ್ಲುತ್ತಿದ್ದುದು ಎರಡು ಕೋಣೆಗಳ ನಡುವಿನ ಹೊಸ್ತಿಲ ಮೇಲೆ. ಎಡಕ್ಕೆ ಒಂದರಿಂದ ಮೂರನೆಯ ತರಗತಿಯವರು, ಬಲಕ್ಕೆ ನಾಲ್ಕು ಮತ್ತು ಐದು. ನನ್ನ ಜೊತೆಗಿದ್ದ ಮಾಸ್ತರರು ಕಲಘಟಗಿ ಕಡೆ, ತಮ್ಮ ಊರಿನ ಹತ್ತಿರಕ್ಕೆ, ವರ್ಗ ಮಾಡಿಸಿಕೊಂಡು ಹೋದ ಮೇಲೆ ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಆ ಕಡೆ ಭಾಗಾಕಾರ ಹೇಳುತ್ತಾ ಈ ಕಡೆ ಮೂಗು ಒರೆಸುವ ವಿದ್ಯೆ ನನಗೆ ಆಗ ಕೈಗೂಡಿತು. ಹೊಸ್ತಿಲ ಮೇಲೆ ನಿಲ್ಲಬಾರದು ಎಂದು ನನ್ನ ಅವ್ವ ಕಲಿಸಿದ್ದು ಅಲ್ಲಿ ನಡೆಯಲಿಲ್ಲ.

ಎರಡೂ ಕಡೆ ಗದ್ದಲವಾದರೆ ಐದನೆಯ ತರಗತಿಯ ಹಿರಿಯ ಹುಡುಗಿ ಸಣ್ಣವರನ್ನು ಸಂಭಾಳಿಸುತ್ತಿದ್ದಳು. ಗದರುವುದು ನನಗಿಂತ ಜೋರು, ಅದೂ ನನ್ನದೇ ದನಿಯಲ್ಲಿ. ನಾನು ಹಾಗೆ ಕೇಳಿಸುತ್ತೇನೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನನ್ನ ಜೀವ ತಿನ್ನುತ್ತಿದ್ದವಳು ಮೂರನೆಯ ತರಗತಿಯ ಒಬ್ಬಳು. ಅವಳ ಅಪ್ಪ ಅವ್ವ ಗೋವಾಕ್ಕೆ ದುಡಿಯಲು ಹೋಗುವವರು. ವರ್ಷದಲ್ಲಿ ಅರ್ಧ ಅವಳೂ ಅಲ್ಲಿ, ಉಳಿದರ್ಧ ಇಲ್ಲಿ ಅಜ್ಜಿಯ ಹತ್ತಿರ. ಇಲ್ಲಿ ಕಲಿತ ಅಕ್ಷರವನ್ನು ಅಲ್ಲಿ ಬಿಟ್ಟು ಬರುತ್ತಿದ್ದಳು. ದಡ್ಡಿ ಅಲ್ಲವೇ ಅಲ್ಲ. ಕಿವಿಗೆ ಬಿದ್ದ ಹಾಡು ಒಮ್ಮೆಗೇ ಬಾಯಿಗೆ ಬರುತ್ತಿತ್ತು, ಕಾಗುಣಿತದ ಮುಂದೆ ಮಾತ್ರ ನಿಂತುಬಿಡುತ್ತಿದ್ದಳು. ದಿನಾ ಅರ್ಧ ತಾಸು ಅವಳ ಪಕ್ಕ ಯಾರಾದರೂ ಕೂತರೆ ಸಾಕಿತ್ತು. ಆ ಅರ್ಧ ತಾಸು ನನ್ನ ಹತ್ತಿರ ಇರಲಿಲ್ಲ. ಹೊಸ ಅಕ್ಕೋರು ಬರುತ್ತಾರೆ, ನಿನ್ನ ಬಾಜೂಕೇ ಕೂತು ಓದಿಸುತ್ತಾರೆ ಎಂದು ಹೇಳುತ್ತಾ ಬಂದೆ. ಅವಳು ಅದನ್ನು ನಂಬಿ, ದಿನಾ ಬೆಳಿಗ್ಗೆ ಬಸ್ಸಿನಿಂದ ನನ್ನ ಹಿಂದೆ ಇನ್ಯಾರಾದರೂ ಇಳಿಯುತ್ತಾರೇನೋ ಎಂದು ಬಾಗಿಲಲ್ಲಿ ನಿಂತು ಇಣುಕುತ್ತಿದ್ದಳು. ಹೀಗೇ ನಾಲ್ಕನೆಯ ತರಗತಿಗೆ ಹೋದರೆ ಇವಳು ಒಂದು ದಿನ ಗೋವಾದಿಂದ ತಿರುಗಿ ಬರುವುದೇ ಇಲ್ಲ ಎಂಬ ಹೆದರಿಕೆ ನನಗೆ.

ಅಷ್ಟರಲ್ಲಿ ತಾಲೂಕಿನಿಂದ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ಒಬ್ಬ ಅತಿಥಿ ಶಿಕ್ಷಕರನ್ನು ಕೊಡುವುದಿದೆ, ಎಲ್ಲಿ ತೊಂದರೆ ಹೆಚ್ಚೋ ಅಲ್ಲಿಗೆ ಕೊಡುತ್ತಾರಂತೆ. ತೊಂದರೆ ತೋರಿಸಬೇಕಾದ ನಾವು ಮಾಡಿದ್ದೇನು? ಶಾಲಾ ಸಮಿತಿಯ ಅಧ್ಯಕ್ಷರು ಗೋಡೆಗೆ ಸುಣ್ಣ ಹೊಡೆಸಿದರು. ಬೇಸಿಗೆಯಿಡೀ ಪಂಚಾಯ್ತಿಯ ಮುಂದೆ ನಿಂತು ಸಾಲಿಗೆ ಮಾಸ್ತರಿಲ್ಲ ಎಂದು ಕೂಗಾಡಿದ ಮನುಷ್ಯ ಅವರು. ಬಿಸಿಯೂಟದ ಅಕ್ಕ ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕಿದಳು. ನಾನೇನು ಕಡಿಮೆ? ಇದ್ದದ್ದರಲ್ಲಿ ಹೊಸ ಸೀರೆ ಉಟ್ಟೆ, ಮಕ್ಕಳಿಗೆಲ್ಲ ಎಣ್ಣೆ ಹಚ್ಚಿ ತಲೆ ಬಾಚಿಸಿದೆ.

ಸಾಹೇಬರು ಬಂದರು. ಅವರ ಹಿಂದೆಯೇ ಗಿರ್ಮಿಟ್ಟು, ಬಿಸಿ ಮಿರ್ಚಿ ಭಜಿ ಬಂದವು. ಏನಾದರೂ ಕೊರತೆ ಇದೆಯೇ ಎಂದು ಅವರು ಕೇಳಿದರೆ, ಅಧ್ಯಕ್ಷರು ಎಲ್ಲ ಅಗದಿ ಬೇಷ್ ನಡೆದಿದೆ ಎಂದುಬಿಟ್ಟರು! ನಾನು ಅವರನ್ನು ದುರುಗುಟ್ಟಿ ನೋಡಿದೆ. ಅವರು ಸಾಹೇಬರ ತಟ್ಟೆಗೆ ಇನ್ನೊಂದು ಭಜಿ ಹಾಕಿದರು.

ಸಾಹೇಬರು ಮಕ್ಕಳನ್ನು ಒಬ್ಬೊಬ್ಬರಾಗಿ ಓದಿಸಿದರು. ಗೋವಾಕ್ಕೆ ಹೋಗಿ ಬರುವ ಆ ಹುಡುಗಿಯ ಸರದಿ ಬಂದಾಗ, ಈಗ ತಡೆಯುತ್ತಾಳೆ ಎಂದು ನಾನು ಅವಳ ಹಿಂದೆ ಹೋಗಿ ನಿಂತೆ. ಆದರೆ ಅವಳು ತಾನೇ ತೆರೆದ ಪುಟದ ಮೇಲೆ ಬೆರಳಿಟ್ಟು ಇಡೀ ಪಾಠವನ್ನು ಎಲ್ಲೂ ತಡೆಯದೆ ಹೇಳಿದಳು. ಪಾಠದ ಕೊನೆಗೆ ಬಾಯಿ ಬಂದು ಮುಟ್ಟಿದಾಗ ಬೆರಳು ಇನ್ನೂ ಎರಡನೆಯ ಸಾಲಿನಲ್ಲಿತ್ತು. ಐದನೆಯ ತರಗತಿಯ ಹಿರಿಯ ಹುಡುಗಿ ಏನೂ ತಿಳಿಯದವಳ ಹಾಗೆ ಗೋಡೆ ನೋಡುತ್ತಿದ್ದಳು. ನನಗೆ ಎಲ್ಲ ಅರ್ಥವಾಯಿತು. ನನ್ನ ಮಾನ ಉಳಿಸಲು ಇಬ್ಬರೂ ಕೂಡಿ ಪಾಠವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಬ್ಬರನ್ನೂ ತಬ್ಬಿಕೊಳ್ಳಬೇಕು ಅನಿಸಿತು.

“ಒಬ್ಬರ ಇದ್ರೂ ಇಷ್ಟು ಚಲೋ ನಡಿಸೀರಿ. ಆ ಅತಿಥಿ ಶಿಕ್ಷಕರನ್ನ ಬ್ಯಾರೆ ಸಾಲಿಗೆ ಕೊಡ್ತೀನಿ ಬಿಡ್ರಿ” ಎಂದು ಸಾಹೇಬರು ಖುಷಿಯಿಂದ ಎದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಆ ಸಣ್ಣವಳೇ ಕೇಳಿದಳು.

“ಹಂಗಾರ ಹೊಸ ಅಕ್ಕೋರು ಬರೂದಿಲ್ಲೇನ್ರಿ? ನನಗ ಓದಾಕ ಬರೂದಿಲ್ರಿ. ಇದನ್ನ ಬಾಯಿಪಾಠ ಮಾಡೇನ್ರಿ.”

ಸಾಹೇಬರು ಮತ್ತೆ ಕೂತರು. ಬೇರೆ ಪುಟ ತೆಗೆದು ಒಂದು ಶಬ್ದದ ಮೇಲೆ ಬೆರಳಿಟ್ಟರು. ಅವಳು ಮೊದಲ ಅಕ್ಷರ ಹೇಳಿ, ಎರಡನೆಯದಕ್ಕೆ ತಡೆದು, ಅವರ ಮುಖ ನೋಡಿದಳು. ಪಾಪ, ಅವರು ಅವಸರ ಮಾಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಾಗ ನಾನೂ ಎಲ್ಲವನ್ನೂ ಹೇಳಿದೆ, ಹೊಸ್ತಿಲ ವಿಷಯ, ಗೋವಾದ ವಿಷಯ, ಸಿಗದ ಆ ಅರ್ಧ ತಾಸಿನ ವಿಷಯ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಅವರು ಅಧ್ಯಕ್ಷರನ್ನು ಕೇಳಿದರು.

“ಬಂದ ಮಂದಿ ಮುಂದ ನಮ್ಮ ಕೊರತಿ ಹೆಂಗ ಹೇಳೂದ್ರಿ ಸಾಹೇಬ್ರ?” ಎಂದು ಅಧ್ಯಕ್ಷರು ತಲೆ ಕೆರೆದುಕೊಂಡರು. ಸಾಹೇಬರಿಗೆ ನಗು ತಡೆಯಲಾಗಲಿಲ್ಲ.

ದಸರಾ ರಜೆ ಮುಗಿದ ಮೇಲೆ ಒಂದು ಬೆಳಿಗ್ಗೆ ನನ್ನ ಹಿಂದೆ ಬಸ್ಸಿನಿಂದ ಇನ್ನೊಬ್ಬರು ಇಳಿದರು. ನವಲಗುಂದದವರು, ಡಿ.ಇಡಿ. ಮುಗಿಸಿ ಮನೆಯಲ್ಲಿದ್ದ ಸಣ್ಣ ವಯಸ್ಸಿನ ಅತಿಥಿ ಶಿಕ್ಷಕಿ. ಬಾಗಿಲಲ್ಲಿ ಇಣುಕುತ್ತಿದ್ದವಳು ಓಡಿ ಬಂದು ಅವರ ಕೈ ಹಿಡಿದು ಎಳೆದುಕೊಂಡು ಹೋಗಿ, ತನ್ನ ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು.

“ಇವರು ನನ್ನ ಸಲುವಾಗಿ ಬಂದಾರ.”

 ನಾನು ಬಲಗಡೆಯ ಕೋಣೆಗೆ ಹೋಗಿ, ಆ ವರ್ಷ ಮೊದಲ ಸಲ, ಕುರ್ಚಿಯ ಮೇಲೆ ಕೂತೆ.